ಒಂದು ತಂಡದ ಒಂದು ಋತು

ಆಟವೆಂದರೆ ಕಾಲಹರಣವೆಂದೂ ಓದುವ ಮಕ್ಕಳಿಗೆ ಅದರಿಂದ ಕೇಡೇ ಹೊರತು ಲಾಭವಿಲ್ಲವೆಂದೂ ನಂಬಿರುವ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಆಟದಲ್ಲಿ ಹೆಸರು ಬಂದರೆ ಸಾಕು, ಓದು ಏನಾದರೇನು ಎನ್ನುವ ಹುಡುಗರೂ ಇಲ್ಲದಿಲ್ಲ. ಎರಡೂ ಅರ್ಧಸತ್ಯಗಳೇ. ಒಂದು ತಂಡವು ಒಂದು ಕ್ರೀಡಾಋತುವನ್ನು ಹೇಗೆ ಕಳೆಯಿತು, ಅದರ ಆಟಗಾರರು ಎಂತಹ ದಾರಿಯಲ್ಲಿ ನಡೆದು ಬಂದವರು ಎಂಬುದನ್ನು ನಿದಾನವಾಗಿ ನೋಡಿದರೆ ಈ ಜಿಜ್ಞಾಸೆಗೆ ಸ್ವಲ್ಪ ಬೆಳಕು ದೊರೆಯಬಹುದು.

ಕ್ರೀಡಾಋತುವೆಂದರೆ ಒಂದು ದಿನದ ಪಂದ್ಯವಲ್ಲ. ವರ್ಷದ ನಿಯತಕಾಲದಲ್ಲಿ ಒಂದರ ಮೇಲೊಂದರಂತೆ ಬರುವ ಪಂದ್ಯಗಳ ಮಾಲೆ. ಅಮೆರಿಕದ ಕಾಲೇಜುಗಳಲ್ಲಿ ಅವರದೇ ಆದ ಒಂದು ಬಗೆಯ ಕಾಲ್ಚೆಂಡಾಟವಿದೆ. ಅದರಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗಳ ವಶವಾಗುತ್ತದೆ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ವಾರಕ್ಕೊಂದರಂತೆ ಸುಮಾರು ಹನ್ನೆರಡು ಪಂದ್ಯಗಳು ನಡೆಯುತ್ತವೆ. ಒಂದು ವಾರ ಸೋತವರು ಮುಂದಿನ ವಾರ ಮತ್ತೆ ಅಂಗಳಕ್ಕೆ ಇಳಿಯಲೇಬೇಕು. ಆ ಸೋಲನ್ನು ಹೊತ್ತು ನಡೆಯುವ ಸ್ಥೈರ್ಯವೇ ಋತುವಿನ ನಿಜವಾದ ಪರೀಕ್ಷೆ. ಆಟ ಬೇರೆಯಾದರೂ ಈ ತತ್ತ್ವ ನಮ್ಮ ದೇಶದಲ್ಲಿಯೂ ಒಂದೇ. ಇದಕ್ಕೆ ಕನ್ನಡನಾಡಿನಿಂದ ದೊರೆಯುವ ಉತ್ತಮ ನಿದರ್ಶನವೆಂದರೆ 1973-74ರ ರಣಜಿ ಟ್ರೋಫಿ ಕ್ರಿಕೆಟ್ ಋತು.

ಈ ಪಂದ್ಯಾವಳಿಯ ಮೊತ್ತಮೊದಲ ಪಂದ್ಯ ನಡೆದುದು 1934ರ ನವೆಂಬರ್ 4ರಂದು, ಮದರಾಸಿನ ಚೆಪಾಕ್ ಅಂಗಳದಲ್ಲಿ. ಎದುರಾದವರು ಮದರಾಸು ಮತ್ತು ಮೈಸೂರು. ಮೈಸೂರಿನವರು 48 ಮತ್ತು 59 ಓಟಗಳಿಗೆ ಕುಸಿದರು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮುಂದೆ ಮೈಸೂರು ತಂಡ 1941-42ರಲ್ಲಿಯೂ 1959-60ರಲ್ಲಿಯೂ ಅಂತಿಮ ಪಂದ್ಯದವರೆಗೆ ಏರಿತು. ಎರಡು ಸಲವೂ ಮುಂಬಯಿಗೆ ಸೋತಿತು. ಮುಂಬಯಿಯಾದರೋ 1958-59ರಿಂದ 1972-73ರವರೆಗೆ ಸತತವಾಗಿ ಹದಿನೈದು ವರ್ಷ ಆ ಪಾರಿತೋಷಕವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಆ ಕಾಲದಲ್ಲಿ ಹುಟ್ಟಿದ ಮಗು ಪ್ರೌಢಶಾಲೆಗೆ ಬರುವವರೆಗೂ ಬೇರೊಬ್ಬ ವಿಜೇತರ ಹೆಸರನ್ನು ಕೇಳಿರಲಾರದು.

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಹೊಸ ಹೆಸರಿನ ಮೊದಲ ಋತುವೇ ನಾವು ಹೇಳಹೊರಟಿರುವ ಋತು. ಅಂದಿನ ಕ್ರಮದಂತೆ ಪ್ರತಿಯೊಂದು ತಂಡವೂ ಮೊದಲು ತನ್ನ ವಲಯದವರೊಡನೆ ಆಡಬೇಕಾಗಿತ್ತು. ದಕ್ಷಿಣ ವಲಯದಲ್ಲಿ ಕರ್ನಾಟಕದ ಜೊತೆಗೆ ತಮಿಳುನಾಡು, ಹೈದರಾಬಾದು, ಆಂಧ್ರ ಮತ್ತು ಕೇರಳ ತಂಡಗಳಿದ್ದವು. ಅಲ್ಲಿ ಮುಂದೆ ಬಂದವರಿಗೆ ಮಾತ್ರ ಸೋತವರು ಹೊರಬೀಳುವ ಮುಂದಿನ ಹಂತಕ್ಕೆ ಪ್ರವೇಶ. ಆ ಹಂತದಲ್ಲಿ ಪಂದ್ಯ ಪೂರ್ಣವಾಗಿ ಮುಗಿಯದಿದ್ದರೆ ಮೊದಲ ಇನ್ನಿಂಗ್ಸಿನಲ್ಲಿ ಹೆಚ್ಚು ಓಟ ಗಳಿಸಿದವರೇ ಮುಂದುವರಿಯುವರು.

ತಂಡದ ನಾಯಕರು ಎರಪಲ್ಲಿ ಪ್ರಸನ್ನ. ವಿದ್ಯಾರ್ಥಿಗಳು ಇವರ ಜೀವನವನ್ನು ಗಮನಿಸತಕ್ಕದ್ದು. 1962ರ ಜನವರಿಯಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದ ಈ ತರುಣರು, ಆ ಬಳಿಕ ತಮ್ಮ ಎಂಜಿನಿಯರಿಂಗ್ ವ್ಯಾಸಂಗವನ್ನು ಪೂರೈಸಲೆಂದು ಹಿಂದೆ ಸರಿದರು. ಅವರು ಮತ್ತೆ ಟೆಸ್ಟ್ ಪಂದ್ಯ ಆಡಿದುದು 1967ರಲ್ಲಿ. ಐದು ವರ್ಷಗಳ ಅಂತರದಿಂದ ಅವರ ಕೈಚಳಕ ಕುಂದಲಿಲ್ಲ. ಒಟ್ಟು 49 ಟೆಸ್ಟುಗಳಲ್ಲಿ 189 ವಿಕೆಟುಗಳನ್ನು ಪಡೆದರು. ಅವರ ಜೊತೆಗಾರರಾದ ಬಿ. ಎಸ್. ಚಂದ್ರಶೇಖರರ ಬಲಗೈ ಬಾಲ್ಯದಲ್ಲಿಯೇ ಪೋಲಿಯೋ ರೋಗದಿಂದ ಸೊರಗಿತ್ತು. ಆ ಕೈಯಿಂದಲೇ ಅವರು ಚೆಂಡನ್ನು ತಿರುಗಿಸಿ ಜಗತ್ತಿನ ದಾಂಡಿಗರನ್ನು ತಬ್ಬಿಬ್ಬುಗೊಳಿಸಿದರು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಓಟ ಹೊಡೆದವರು.

ಸೆಮಿಫೈನಲ್ಲಿನಲ್ಲಿ ಕರ್ನಾಟಕಕ್ಕೆ ಎದುರಾದುದು ಅದೇ ಮುಂಬಯಿ. ಸ್ಥಳ, ಇಂದು ಎಂ. ಚಿನ್ನಸ್ವಾಮಿ ಕ್ರೀಡಾಂಗಣವೆಂದು ಕರೆಯಲ್ಪಡುವ ಬೆಂಗಳೂರಿನ ಅಂಗಳ. ಕರ್ನಾಟಕ ಮೊದಲು ಆಡಿ 385 ಓಟ ಗಳಿಸಿತು. ವಿಶ್ವನಾಥರು 162, ಬ್ರಿಜೇಶ್ ಪಟೇಲರು 106. ಮುಂಬಯಿಗಾದರೂ ಸುನೀಲ್ ಗಾವಸ್ಕರ್, ಅಜಿತ್ ವಾಡೇಕರ್, ಅಶೋಕ್ ಮಂಕಡ್ ಮೊದಲಾದವರ ಬಲವಿತ್ತು. ಪ್ರಸನ್ನರು ಗಾವಸ್ಕರರನ್ನು ಬೌಲ್ಡ್ ಮಾಡಿದರು. ಪ್ರಸನ್ನರ ಚೆಂಡಿನ ಗುಟ್ಟು ಅದರ ವೇಗದಲ್ಲಿರಲಿಲ್ಲ. ದಾಂಡಿಗನ ಕಣ್ಣಿನ ಮಟ್ಟಕ್ಕಿಂತ ಮೇಲೆ ತೇಲಿ, ಅವನು ಎಣಿಸಿದ್ದಕ್ಕಿಂತ ಸ್ವಲ್ಪ ಮೊದಲೇ ನೆಲಕ್ಕಿಳಿಯುವುದರಲ್ಲಿತ್ತು. ಬಳಿಕ ಚೆನ್ನಾಗಿ ಆಡುತ್ತಿದ್ದ ನಾಯಕ ವಾಡೇಕರ್ ಓಟದ ನಡುವೆ ಕಾಲುಜಾರಿ ರನ್ನೌಟಾದರು. ಮುಂಬಯಿಯ ಮೊತ್ತ 307ಕ್ಕೆ ನಿಂತಿತು. ಆ 78 ಓಟಗಳ ಮುನ್ನಡೆಯೇ ಹದಿನೈದು ವರ್ಷಗಳ ಏಕಾಧಿಪತ್ಯವನ್ನು ಕೊನೆಗಾಣಿಸಿತು. ತರುವಾಯ ಜಯಪುರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕವು ರಾಜಸ್ಥಾನವನ್ನು 185 ಓಟಗಳಿಂದ ಸೋಲಿಸಿ, ಮೊದಲನೆಯ ಸಲ ರಣಜಿ ಪಾರಿತೋಷಕವನ್ನು ತನ್ನದಾಗಿಸಿಕೊಂಡಿತು.

ಕಥೆ ಇಲ್ಲಿಗೇ ನಿಂತಿದ್ದರೆ ಅದರ ಪಾಠ ಅರ್ಧವೇ ಆಗುತ್ತಿತ್ತು. ಮರುವರ್ಷ, ಎಂದರೆ 1974-75ರಲ್ಲಿ, ಅಂತಿಮ ಪಂದ್ಯದಲ್ಲಿ ಇದೇ ಕರ್ನಾಟಕ ಮುಂಬಯಿಗೆ ಸೋತಿತು. ಸೋತವರು ಎದೆಗುಂದಲಿಲ್ಲ, 1977-78ರಲ್ಲಿಯೂ 1982-83ರಲ್ಲಿಯೂ ಮತ್ತೆ ಗೆದ್ದರು. 48 ಓಟಗಳಿಗೆ ಕುಸಿದ ದಿನದಿಂದ ಮೊದಲ ಗೆಲವಿನವರೆಗೆ ಸುಮಾರು ನಲವತ್ತು ವರ್ಷಗಳು ಹಿಡಿದವು. ಆ ಅವಧಿಯಲ್ಲಿ ಸೋತು ಮನೆಗೆ ಮರಳಿದ ಎಷ್ಟೋ ಆಟಗಾರರ ಶ್ರಮವೂ ಆ ಗೆಲವಿಗೆ ತಳಹದಿಯಾಗಿತ್ತೆಂಬುದನ್ನು ಮರೆಯಲಾಗದು.

ತಾಳವಾಡಿಯ ಬೆಟ್ಟದ ಸೀಮೆಯವರಾದ ನಾವು ಆಡಳಿತದಿಂದ ತಮಿಳುನಾಡಿಗೆ ಸೇರಿದವರು, ನುಡಿಯಿಂದ ಕನ್ನಡಿಗರು. 1934ರ ಆ ಪಂದ್ಯದಲ್ಲಿ ನಮ್ಮ ಪಕ್ಷ ಯಾವುದು ಎಂದು ಯಾವನಾದರೂ ವಿದ್ಯಾರ್ಥಿ ಕೇಳಿದರೆ, ಚೆನ್ನಾಗಿ ಆಡಿದವರ ಪಕ್ಷವೆಂದು ಉತ್ತರಿಸುವುದೇ ಲೇಸು. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲದತ್ತ ಹೋಗುವವನಿಗೂ, ಗಡಿ ದಾಟಿ ಚಾಮರಾಜನಗರದತ್ತ ಹೋಗುವವನಿಗೂ ಈ ಋತು ಹೇಳುವ ಮಾತು ಒಂದೇ. ಓದಿಗೆ ಅದರ ಕಾಲವನ್ನೂ ಆಟಕ್ಕೆ ಅದರ ಕಾಲವನ್ನೂ ಕೊಟ್ಟವನಿಗೆ ಎರಡೂ ಒಲಿಯಬಲ್ಲವು ಎಂಬುದಕ್ಕೆ ಪ್ರಸನ್ನರೇ ಸಾಕ್ಷಿ. ಮಗನ ಕೈಯಿಂದ ಚೆಂಡನ್ನು ಕಸಿದುಕೊಳ್ಳುವ ತಂದೆಯೂ, ಚೆಂಡಿಗಾಗಿ ಪುಸ್ತಕವನ್ನು ಮೂಲೆಗಿಡುವ ಮಗನೂ ಈ ಕಥೆಯನ್ನು ಒಟ್ಟಿಗೆ ಕುಳಿತು ಓದಲಿ ಎಂಬುದೇ ನಮ್ಮ ಹಾರೈಕೆ.