ಜಾಲದ ನೀರುಗಂಟಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಆದುದರಿಂದಲೇ ಅಲ್ಲಿಯ ಪೂರ್ವಿಕರು ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದಿಟ್ಟರು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಯನ್ನು ಸೇರುವಂತೆ ಸಾಲುಸಾಲಾಗಿ ಅವನ್ನು ಕಟ್ಟಿದರು. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಂತೆ ಕಡಲಿನಿಂದ ಬಹುದೂರದಲ್ಲಿದ್ದೂ ‘ಸಮುದ್ರ’ವೆನಿಸಿಕೊಂಡ ಊರುಗಳ ಹೆಸರಿನಲ್ಲಿ ಕೆರೆಯ ಮೇಲಿನ ಆ ಗೌರವ ಉಳಿದು ಬಂದಿದೆ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಹೊಣೆ ನೀರುಗಂಟಿಯದಾಗಿತ್ತು. ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪದಿದ್ದರೆ ದೋಷವಿರುವುದು ಕೆರೆಯಲ್ಲಿಯೋ, ತೂಬಿನಲ್ಲಿಯೋ ಅಥವಾ ನಡುವೆ ಯಾರಾದರೂ ಕಾಲುವೆಯನ್ನು ಒಡೆದಿರುವರೋ ಎಂಬುದನ್ನು ಏರಿಯ ಮೇಲೆ ನಡೆದು ನೋಡಿ ಹೇಳಬಲ್ಲವನು ಅವನೇ.

ಇಂದು ಇಂಥ ಊರುಗಳಿಗೆ ಇನ್ನೊಂದು ಹರಿವೂ ಬಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. 2005ರಲ್ಲಿ ಕೇಂದ್ರ ಸರ್ಕಾರವು ಒಪ್ಪಿದ ಯೋಜನೆಯಂತೆ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಸೆಕೆಂಡಿಗೆ ಕನಿಷ್ಠ 20 ಲಕ್ಷ ಬಿಟ್‌ಗಳನ್ನು ಸಾಗಿಸಬಲ್ಲ ಸಂಪರ್ಕಗಳು ಏರ್ಪಟ್ಟವು. ಗ್ರಾಮ ಪಂಚಾಯತಿಗಳಿಗೆ ಗಾಜಿನ ತಂತಿಯನ್ನು ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಮುಂದೆ ಅದಕ್ಕೆ ‘ಭಾರತ್‌ನೆಟ್’ ಎಂಬ ಹೆಸರಾಯಿತು. ಬೆಳೆಸಾಲಕ್ಕೆ ಪಹಣಿ ಬೇಕೆಂದು ಒಂದು ದಿನದ ಕೂಲಿಯನ್ನು ಬಿಟ್ಟು ಬಂದ ರೈತನಿಗೆ ಈ ಹರಿವು ನಿಂತುದರ ಅರಿವಾಗುವುದು ಒಂದೇ ಮಾತಿನಿಂದ: “ಸರ್ವರ್ ಇಲ್ಲ, ನಾಳೆ ಬನ್ನಿ.”

ಸರ್ವರ್ ನಿಜವಾಗಿಯೂ ಇಲ್ಲವೆ? ಅನೇಕ ವೇಳೆ ಅದು ತನ್ನ ಸ್ಥಾನದಲ್ಲಿ ಸುಸ್ಥಿತಿಯಲ್ಲಿಯೇ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ಕೆಟ್ಟಿರುತ್ತದೆ ಅಥವಾ ಕಿಕ್ಕಿರಿದಿರುತ್ತದೆ. ಯಾವುದು ನಿಜವೆಂದು ಕಂಡುಹಿಡಿಯುವುದು ಜಾಲದ ಆಡಳಿತಗಾರನ ಕೆಲಸ. ಜಾಲದಲ್ಲಿ ಸಾಗುವ ದತ್ತಾಂಶವನ್ನು ಎಡೆಬಿಡದೆ ಗಮನಿಸಿ, ಅಳೆದು, ಅದರ ಅರ್ಥವನ್ನು ವಿವೇಚಿಸುವ ಈ ಕಾರ್ಯಕ್ಕೆ ಸಂಚಾರ ವೀಕ್ಷಣೆ ಎನ್ನಬಹುದು.

ಜಾಲದಲ್ಲಿ ಯಾವ ಸಂದೇಶವೂ ಇಡಿಯಾಗಿ ಸಾಗುವುದಿಲ್ಲ. ಅದು ‘ಪ್ಯಾಕೆಟ್’ ಎಂಬ ಚಿಕ್ಕ ತುಣುಕುಗಳಾಗಿ ಒಡೆಯುತ್ತದೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್ 1500 ಬೈಟ್‌ಗಳನ್ನು ಮೀರುವುದಿಲ್ಲ. ಅಂಚೆಯ ಲಕೋಟೆಯಂತೆ ಪ್ರತಿಯೊಂದರ ಮೇಲೂ ಕಳುಹಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಎರಡೂ ಇರುತ್ತವೆ. ದಾರಿಯಲ್ಲಿರುವ ‘ರೂಟರ್’ಗಳು ಆ ವಿಳಾಸವನ್ನು ಓದಿ ಮುಂದಿನ ರೂಟರಿಗೆ ದಾಟಿಸುತ್ತವೆ. ಬರುವ ತುಣುಕುಗಳು ಹೆಚ್ಚಾದರೆ ಅವು ಸರದಿಯಲ್ಲಿ ಕಾಯುತ್ತವೆ. ಸರದಿಯೂ ತುಂಬಿದರೆ ಕೆಲವು ಬಿದ್ದುಹೋಗುತ್ತವೆ. ಇಂಥ ಸರದಿಗಳ ಗಣಿತವನ್ನು 1909ರಷ್ಟು ಹಿಂದೆಯೇ ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞನು ಆರಂಭಿಸಿದನು. ಗಣಕಯಂತ್ರವೇ ಹುಟ್ಟದಿದ್ದ ಕಾಲದ ಆ ಲೆಕ್ಕ ಇಂದಿಗೂ ಸಲ್ಲುತ್ತಿದೆ.

ಹರಿವನ್ನು ಅಳೆಯುವ ಅತ್ಯಂತ ಸರಳ ವಿಧಾನವೆಂದರೆ ಎಣಿಕೆ. ತನ್ನ ಮೂಲಕ ಹಾದುಹೋದ ಬೈಟ್‌ಗಳನ್ನು ಪ್ರತಿ ರೂಟರೂ ವಿದ್ಯುತ್ ಮೀಟರಿನಂತೆ ಎಣಿಸುತ್ತಿರುತ್ತದೆ. 1988ರಲ್ಲಿ ರೂಪುಗೊಂಡ ‘ಎಸ್‌ಎನ್‌ಎಂಪಿ’ ಎಂಬ ನಿಯಮಾವಳಿಯಂತೆ ಆಡಳಿತಗಾರನ ಯಂತ್ರವು ಆ ಎಣಿಕೆಯನ್ನು ಆಗಿಂದಾಗ್ಗೆ, ಬಹುಮಟ್ಟಿಗೆ ಐದು ನಿಮಿಷಗಳಿಗೊಮ್ಮೆ, ಕೇಳಿ ಪಡೆದು ರೇಖಾಚಿತ್ರವನ್ನು ಬರೆಯುತ್ತದೆ. ಆದರೆ ಸರಾಸರಿಯನ್ನು ನಂಬುವವನು ಎಚ್ಚರದಿಂದಿರಬೇಕು. ಮಾರ್ಗವೊಂದು ಮೂವತ್ತು ಸೆಕೆಂಡು ಪೂರ್ಣವಾಗಿ ತುಂಬಿದ್ದು, ಉಳಿದ ಇನ್ನೂರ ಎಪ್ಪತ್ತು ಸೆಕೆಂಡು ಬರಿದಾಗಿದ್ದರೆ ಐದು ನಿಮಿಷದ ಸರಾಸರಿ ಶೇಕಡ 10 ಮಾತ್ರ. ಚಿತ್ರದಲ್ಲಿ ಎಲ್ಲವೂ ಪ್ರಶಾಂತ; ಆ ಮೂವತ್ತು ಸೆಕೆಂಡುಗಳಲ್ಲಿ ಗುಂಡಿಯನ್ನೊತ್ತಿದ ಗುಮಾಸ್ತನಿಗೆ ಮಾತ್ರ ಪಹಣಿ ದೊರೆತಿರುವುದಿಲ್ಲ. ಮೊಣಕಾಲುದ್ದದ ಸರಾಸರಿ ಆಳವುಳ್ಳ ಹೊಳೆಯಲ್ಲಿಯೂ ಮುಳುಗುವ ಮಡುವಿರಬಹುದಷ್ಟೆ.

ಮಾರ್ಗ ತುಂಬಿದೆ ಎಂದು ತಿಳಿದ ಮೇಲೆ ಅದನ್ನು ತುಂಬಿಸಿದವರು ಯಾರೆಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರವನ್ನು ಕೊಡುವುದು ಹರಿವಿನ ದಾಖಲೆ. ಯಾವ ಯಂತ್ರ ಯಾವ ಯಂತ್ರದೊಡನೆ, ಎಷ್ಟು ಹೊತ್ತು, ಎಷ್ಟು ಬೈಟ್ ವ್ಯವಹರಿಸಿತು ಎಂಬುದು ದೂರವಾಣಿಯ ಬಿಲ್ಲಿನಂತೆ ಅದರಲ್ಲಿರುತ್ತದೆ. ಆಡಿದ ಮಾತು ಇರುವುದಿಲ್ಲ. ತಾಲ್ಲೂಕು ಕಚೇರಿಯೊಂದರಲ್ಲಿ ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೆ ಕೆಲಸ ಸ್ಥಗಿತವಾಗುತ್ತಿದೆಯೆಂದು ಭಾವಿಸೋಣ. ದಾಖಲೆಯನ್ನು ನೋಡಿದರೆ, ಇನ್ನೊಂದು ಕೊಠಡಿಯಿಂದ ಅದೇ ವೇಳೆಗೆ ಹಳೆಯ ಕಡತಗಳ ಛಾಯಾಪ್ರತಿಗಳು ಬೆಂಗಳೂರಿಗೆ ಹೋಗುತ್ತಿರುವುದು ಕಾಣಬಹುದು. 50 ಲಕ್ಷ ಬೈಟಿನ ಒಂದು ಕಡತವೆಂದರೆ 4 ಕೋಟಿ ಬಿಟ್. 20 ಲಕ್ಷ ಬಿಟ್‌ಗಳ ಮಾರ್ಗವನ್ನು ಅದೊಂದೇ ಇಪ್ಪತ್ತು ಸೆಕೆಂಡು ಆಕ್ರಮಿಸುತ್ತದೆ. ಅಂಥ ನೂರು ಕಡತಗಳಿಗೆ ಅರ್ಧ ಗಂಟೆಗೂ ಮಿಕ್ಕಿ ಬೇಕು. ಹೊಸ ಸರ್ವರನ್ನು ಕೊಂಡರೆ ಇಲ್ಲಿ ಪ್ರಯೋಜನವಿಲ್ಲ. ಕಡತಗಳನ್ನು ರಾತ್ರಿ ಕಳುಹಿಸಿದರೆ ಸಾಕು, ಅದಕ್ಕೆ ಬಿಡಿಗಾಸಿನ ಖರ್ಚೂ ಇಲ್ಲ.

ಇಷ್ಟರಿಂದಲೂ ಕಾರಣ ಹೊಳೆಯದಿದ್ದರೆ ಪ್ಯಾಕೆಟ್ಟುಗಳನ್ನೇ ಹಿಡಿದು ಪರಿಶೀಲಿಸಬೇಕಾಗುತ್ತದೆ. ಈ ವಿದ್ಯೆಯ ಚರಿತ್ರೆಯಲ್ಲಿ ಅಮೆರಿಕದ ಬರ್ಕ್ಲಿಯ ಲಾರೆನ್ಸ್ ಪ್ರಯೋಗಾಲಯಕ್ಕೆ ವಿಶೇಷ ಸ್ಥಾನವಿದೆ. 1986ರಲ್ಲಿ ಅಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಶಾಸ್ತ್ರಜ್ಞನಿಗೆ ಗಣಕಯಂತ್ರದ ಬಳಕೆಯ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡಿತು. ಮುಕ್ಕಾಲು ಡಾಲರನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ, ಸ್ಟಾಲ್ ಬಿಡಲಿಲ್ಲ. ಸಹೋದ್ಯೋಗಿಗಳ ಮೇಜುಗಳ ಮೇಲಿದ್ದ ಮುದ್ರಣಯಂತ್ರಗಳನ್ನು ವಾರಾಂತ್ಯದಲ್ಲಿ ಹೊತ್ತು ತಂದು, ಹೊರಗಿನಿಂದ ಬರುವ ತಂತಿಗಳಿಗೆ ಜೋಡಿಸಿದನು. ಆಗಂತುಕನೊಬ್ಬನು ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಮೂಡಿತು. ಅವನು ಸೇನೆಯ ಗಣಕಯಂತ್ರಗಳಲ್ಲಿ ರಹಸ್ಯಗಳನ್ನು ಹುಡುಕುತ್ತಿದ್ದನು. ಅವನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಲು ಸ್ಟಾಲ್ ಸುಳ್ಳು ಕಡತಗಳ ರಾಶಿಯನ್ನೇ ಸೃಷ್ಟಿಸಿಟ್ಟನು. ಅವನ್ನು ಓದುತ್ತ ಕುಳಿತವನ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದವರೆಗೆ ಸಿಕ್ಕಿತು. ಮಾರ್ಕುಸ್ ಹೆಸ್ ಎಂಬ ಆ ತರುಣನೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅದೇ ಪ್ರಯೋಗಾಲಯದಲ್ಲಿ, ಮುದ್ರಣಯಂತ್ರದ ಹಂಗಿಲ್ಲದೆ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ‘ಟಿಸಿಪಿಡಂಪ್’ ಎಂಬ ಸಾಧನವು ಸಿದ್ಧವಾಯಿತು. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ‘ಇಥೀರಿಯಲ್’ ಎಂಬ ಇನ್ನೊಂದನ್ನು ಹೊರತಂದನು. 2006ರಿಂದ ‘ವೈರ್‌ಶಾರ್ಕ್’ ಎಂಬ ಹೆಸರು ಪಡೆದಿರುವ ಅದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ಕಳವನ್ನು ಗುರುತಿಸಲು ಮೊದಲು ಸಹಜಸ್ಥಿತಿಯ ಪರಿಚಯವಿರಬೇಕು. ಹಗಲು ಮಾತ್ರ ಕೆಲಸ ಮಾಡುವ ಕಚೇರಿಯ ಯಂತ್ರವೊಂದು ನಡುರಾತ್ರಿ ಅಪರಿಚಿತ ವಿಳಾಸಕ್ಕೆ ರಾಶಿಗಟ್ಟಲೆ ದತ್ತಾಂಶವನ್ನು ಕಳುಹಿಸುತ್ತಿದ್ದರೆ ಅದು ವಿಚಾರಣೆಗೆ ಅರ್ಹ. ಹಾಗೆಯೇ ಎಲ್ಲ ಯಂತ್ರಗಳ ಗಡಿಯಾರಗಳೂ ಒಂದೇ ವೇಳೆಯನ್ನು ತೋರಿಸುತ್ತಿರಬೇಕು. ಇಲ್ಲವಾದರೆ ಒಂದರ ದಾಖಲೆಗೂ ಇನ್ನೊಂದರ ದಾಖಲೆಗೂ ತಾಳೆ ಬೀಳದು. ಭಾರತದಲ್ಲಿ ‘ಸರ್ಟ್-ಇನ್’ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನವು ಇದನ್ನು ವಿಧಿಸುತ್ತದೆ. ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು, ಆಕ್ರಮಣ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು ಎಂಬುದೂ ಅದರಲ್ಲಿದೆ.

ಆದರೆ ನೋಡುವ ಅಧಿಕಾರಕ್ಕೆ ಎಲ್ಲೆಯೂ ಉಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಈಗ ಬಹುಪಾಲು ಸಂದೇಶಗಳು ಗೂಢಲಿಪಿಯಲ್ಲಿಯೇ ಸಾಗುವುದರಿಂದ ಲಕೋಟೆಯ ಒಳಗಿನ ಕಾಗದವನ್ನು ಆಡಳಿತಗಾರನು ಸುಲಭವಾಗಿ ಓದಲಾರ. ಆದರೂ ಯಾವ ಉದ್ಯೋಗಿ ಯಾವ ಆಸ್ಪತ್ರೆಯ ಅಥವಾ ಯಾವ ಬ್ಯಾಂಕಿನ ತಾಣವನ್ನು ಎಷ್ಟು ಸಲ ನೋಡಿದನೆಂಬುದು ಹೊರವಿಳಾಸದಿಂದಲೇ ಅವನಿಗೆ ತಿಳಿಯಬಲ್ಲದು. ಆದಕಾರಣ ಈ ದಾಖಲೆಗಳನ್ನು ಯಾರು, ಯಾವಾಗ, ಏತಕ್ಕಾಗಿ ತೆರೆದು ನೋಡಿದರೆಂಬುದಕ್ಕೂ ಜಾಗರೂಕ ಕಚೇರಿಗಳಲ್ಲಿ ಇನ್ನೊಂದು ದಾಖಲೆಯನ್ನಿಡುತ್ತಾರೆ. ಆ ದಾಖಲೆಯನ್ನು ತಿದ್ದುವ ಅಧಿಕಾರವನ್ನು ಆಡಳಿತಗಾರನಿಗೆ ಕೊಡುವುದಿಲ್ಲ.