ಗೆದ್ದ ಮರುದಿನ ಅಧ್ಯಕ್ಷರು ಏನು ಮಾಡ್ತಾರೆ?

2020ರ ಫೆಬ್ರವರಿ 24ರಂದು ಅಹಮದಾಬಾದಿನ ಮೊಟೇರಾ ಸ್ಟೇಡಿಯಂನಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಸ್ವಾಗತ ನಡೀತಲ್ಲ, ಆ ದಿನ ಪೂರ್ತಿ ನಾನು ಸ್ಟುಡಿಯೋದಲ್ಲೇ ಇದ್ದೆ. ರಾತ್ರಿ ಬುಲೆಟಿನ್ ಮುಗಿಸಿ ಫೋನ್ ನೋಡಿದರೆ ಕುಷ್ಟಗಿಯ ಸೋದರಮಾವನ ಮೂರು ಮಿಸ್ಡ್ ಕಾಲ್. ವಾಪಸ್ ಮಾಡಿದೆ. "ತಮ್ಮಾ, ಈ ಮನುಷ್ಯಾನ್ನ ಅವರ ದೇಶದಾಗ ಇಳಿಸಾಕ ಹೊಂಟಿದ್ರಲ್ಲ, ಏನಾತು? ತಪ್ಪು ಮಾಡಿದ್ನೋ ಇಲ್ಲೋ? ಒಂದ ಮಾತಿನ್ಯಾಗ ಹೇಳು."

ಒಂದು ಮಾತಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇವತ್ತು ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ನಡೆದದ್ದು ಏನು? ಉಕ್ರೇನ್ ದೇಶಕ್ಕೆ ಕೊಡಬೇಕಾದ ಸುಮಾರು 39 ಕೋಟಿ ಡಾಲರ್ ಸೇನಾ ನೆರವನ್ನು ತಡೆಹಿಡಿದು, ತಮ್ಮ ರಾಜಕೀಯ ಎದುರಾಳಿ ಜೋ ಬೈಡನ್ ಮೇಲೆ ತನಿಖೆ ಮಾಡಿ ಅಂತ ಆ ದೇಶದ ಮೇಲೆ ಒತ್ತಡ ಹಾಕಿದರು ಅನ್ನೋದು ಟ್ರಂಪ್ ಮೇಲಿನ ಆರೋಪ. ಡೆಮಾಕ್ರಟ್ ಬಹುಮತದ ಕೆಳಮನೆ 2019ರ ಡಿಸೆಂಬರ್ 18ರಂದು ಮಹಾಭಿಯೋಗ ಹೊರಿಸಿತು. ಇದು ಚಾರ್ಜ್‌ಶೀಟ್ ಇದ್ದ ಹಾಗೆ. ವಿಚಾರಣೆ ಮಾಡಿ ತೀರ್ಪು ಕೊಡಬೇಕಾದದ್ದು ಮೇಲ್ಮನೆ, ಅಂದರೆ ಸೆನೆಟ್. ಅಲ್ಲಿ 100 ಸದಸ್ಯರಲ್ಲಿ 67 ಜನ ಕೈ ಎತ್ತಿದರೆ ಮಾತ್ರ ಅಧ್ಯಕ್ಷ ಕೆಳಗೆ ಇಳೀತಾರೆ. ಫೆಬ್ರವರಿ 5ರಂದು ಮೊದಲ ಆರೋಪಕ್ಕೆ ಬಿದ್ದ ಮತ 48, ಎರಡನೆಯದಕ್ಕೆ 47. ಟ್ರಂಪ್ ಪಾರಾದರು. ಸ್ವಪಕ್ಷದಿಂದ ವಿರುದ್ಧ ಮತ ಹಾಕಿದವರು ಮಿಟ್ ರಾಮ್ನಿ ಒಬ್ಬರೇ, ಅದೂ ಒಂದು ಆರೋಪಕ್ಕೆ ಮಾತ್ರ.

ಈಗ ಮಾವನ ಪ್ರಶ್ನೆ. ಪಾರಾದರು ಅಂದರೆ ತಪ್ಪು ಮಾಡಿಲ್ಲ ಅಂತಲಾ?

ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಲೈನಿನಲ್ಲಿ ಬ್ರೇಕರ್ ಟ್ರಿಪ್ ಆಗಲಿಲ್ಲ ಅಂದರೆ ಎರಡು ಕಾರಣ ಇರಬಹುದು ಅಂತ ನಮಗೆ ಕಲಿಸಿದ್ದರು. ಲೈನಿನಲ್ಲಿ ದೋಷವೇ ಇಲ್ಲದಿರಬಹುದು. ಇಲ್ಲವೇ ದೋಷ ಇದ್ದರೂ ಬ್ರೇಕರಿನ ಸೆಟ್ಟಿಂಗ್ ಮೇಲಿರಬಹುದು. ಹೊರಗೆ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣ್ತವೆ, ದೀಪ ಉರೀತಾ ಇರ್ತದೆ. ಮೂರನೇ ಎರಡರಷ್ಟು ಬಹುಮತ ಅನ್ನೋದು ಬೇಕಂತಲೇ ಮೇಲಿಟ್ಟ ಸೆಟ್ಟಿಂಗ್. ಜನ ಆರಿಸಿದವರನ್ನು ಸಿಟ್ಟಿನಲ್ಲಿ ಇಳಿಸಬಾರದು ಅಂತ ಹಾಗೆ ಇಟ್ಟಿದ್ದಾರೆ, ಅದು ಸರಿಯೇ.

ಸೆನೆಟ್‌ನಲ್ಲಿ ಟ್ರಂಪ್ ಪರ ಮತ ಹಾಕಿದವರೂ ಒಂದೇ ಮಾತು ಹೇಳಲಿಲ್ಲ. ಕೆಲವರು ಏನೂ ತಪ್ಪಿಲ್ಲ ಅಂದರು. ಲಾಮಾರ್ ಅಲೆಕ್ಸಾಂಡರ್ ಅವರು, ಮಾಡಿದ್ದು ಸರಿಯಲ್ಲ, ಆದರೆ ಇಳಿಸುವಷ್ಟು ದೊಡ್ಡದಲ್ಲ, ಚುನಾವಣೆಯಲ್ಲಿ ಜನ ತೀರ್ಮಾನಿಸಲಿ ಅಂದರು. ಸೂಸಾನ್ ಕಾಲಿನ್ಸ್ ಅವರು ಅಧ್ಯಕ್ಷರು ಇದರಿಂದ ಪಾಠ ಕಲಿತಿದ್ದಾರೆ ಅನ್ನೋ ನಂಬಿಕೆ ಹೇಳಿಕೊಂಡರು. ಫಲಿತಾಂಶ ಒಂದೇ, ಅರ್ಥ ಮೂರು. ಟ್ರಂಪ್ ಇದರಲ್ಲಿ ಯಾವ ಅರ್ಥ ತಗೊಂಡರು ಅನ್ನೋದು ಮರುದಿನವೇ ಗೊತ್ತಾಯಿತು.

ಮರುದಿನ ಅವರು 'ಖುಲಾಸೆ' ಅಂತ ತಲೆಬರಹ ಇದ್ದ ಪತ್ರಿಕೆಯನ್ನು ಸಭೆಯಲ್ಲಿ ಎತ್ತಿ ತೋರಿಸಿದರು. ಫೆಬ್ರವರಿ 7ರಂದು, ತಮ್ಮ ವಿರುದ್ಧ ಸಾಕ್ಷಿ ಹೇಳಿದ್ದ ಸೇನಾಧಿಕಾರಿ ಅಲೆಕ್ಸಾಂಡರ್ ವಿಂಡ್ಮನ್ ಅವರನ್ನು ಶ್ವೇತಭವನದಿಂದ ಹೊರಗೆ ಕಳಿಸಲಾಯಿತು. ಅಲ್ಲೇ ವಕೀಲರಾಗಿದ್ದ ಅವರ ಅವಳಿ ಸಹೋದರ ಸಾಕ್ಷಿ ಹೇಳಿರಲೇ ಇಲ್ಲ. ಅವರಿಗೂ ಅದೇ ದಿನ ಬಾಗಿಲು ತೋರಿಸಿದರು. ಸಾಕ್ಷಿ ಹೇಳಿದ್ದ ಇನ್ನೊಬ್ಬ ರಾಯಭಾರಿ ಗಾರ್ಡನ್ ಸಾಂಡ್ಲಂಡ್ ಅವರನ್ನೂ ವಾಪಸ್ ಕರೆಸಿಕೊಂಡರು. ನಾಲ್ಕು ದಿನ ಬಿಟ್ಟು, ಟ್ರಂಪ್ ಸ್ನೇಹಿತ ರೋಜರ್ ಸ್ಟೋನ್‌ಗೆ 7ರಿಂದ 9 ವರ್ಷ ಶಿಕ್ಷೆ ಕೊಡಿ ಅಂತ ಸರ್ಕಾರಿ ವಕೀಲರು ಕೇಳಿದ್ದನ್ನು ನ್ಯಾಯ ಇಲಾಖೆಯೇ ಹಿಂತೆಗೆದುಕೊಂಡಿತು. ನಾಲ್ವರು ವಕೀಲರೂ ಕೇಸಿನಿಂದ ಹೊರಗೆ ನಡೆದರು.

ಆಗ ಜಗಳ ನಡೆದದ್ದು ಇದರ ಮೇಲೆ. ರಿಪಬ್ಲಿಕನ್ನರು ಹೇಳಿದ್ದು ಇಷ್ಟು: ಈ ಅಧಿಕಾರಿಗಳು ಅಧ್ಯಕ್ಷರ ಇಚ್ಛೆಯ ಮೇಲೆ ಕೆಲಸ ಮಾಡೋರು, ನಂಬಿಕೆ ಇಲ್ಲದವರನ್ನು ಪಕ್ಕದಲ್ಲಿ ಯಾರು ಇಟ್ಟುಕೊಳ್ತಾರೆ? ವಿಂಡ್ಮನ್ ಸೇನೆಯ ಕೆಲಸವೇನೂ ಹೋಗಿಲ್ಲವಲ್ಲ? ತಪ್ಪೇ ಮಾಡದವನು ತಲೆ ಯಾಕೆ ತಗ್ಗಿಸಬೇಕು? ಇದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಎತ್ತಂಗಡಿ ಮಾಡೋ ಅಧಿಕಾರ ಅಧ್ಯಕ್ಷರಿಗೆ ಇದೆ. ಡೆಮಾಕ್ರಟರು ಹೇಳಿದ್ದು ಬೇರೆ: ಸಂಸತ್ತು ಕರೆದಾಗ ಹೋಗಿ, ಪ್ರಮಾಣ ಮಾಡಿ ಸಾಕ್ಷಿ ಹೇಳಿದವನನ್ನು ತೀರ್ಪು ಬಂದ ಎರಡೇ ದಿನಕ್ಕೆ ಹೊರಗೆ ಹಾಕಿದರೆ ಅದು ಆಡಳಿತ ಅಲ್ಲ, ಸೇಡು.

ಇದೇ ಪರಿಸ್ಥಿತಿಯಲ್ಲಿ ಬಿಲ್ ಕ್ಲಿಂಟನ್ ಇದ್ದರು. 1999ರ ಫೆಬ್ರವರಿ 12ರಂದು ಸೆನೆಟ್ ಅವರನ್ನು ಬಿಟ್ಟಾಗ, ಅದೇ ದಿನ ಹೊರಗೆ ಬಂದು ದೇಶದ ಕ್ಷಮೆ ಕೇಳಿದರು. ನಮ್ಮಲ್ಲಿ 1993ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಪದಚ್ಯುತಿ ಗೊತ್ತುವಳಿ ಲೋಕಸಭೆಗೆ ಬಂತು. ಪರ 196 ಮತ. ವಿರುದ್ಧ ಒಂದೂ ಇಲ್ಲ. ಕಾಂಗ್ರೆಸ್ ಮತ್ತು ಮಿತ್ರಪಕ್ಷಗಳ 205 ಜನ ಮತವನ್ನೇ ಹಾಕದೆ ಕೂತರು. ಬೇಕಾದಷ್ಟು ಬಹುಮತ ಆಗಲಿಲ್ಲ, ಗೊತ್ತುವಳಿ ಬಿತ್ತು. ಹಾಗೆ ಗೆದ್ದ ರಾಮಸ್ವಾಮಿ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಅಂಕಿ ಉಳಿಸಿದರೂ ಪೀಠದಲ್ಲಿ ಕೂರೋಕೆ ಆಗಲಿಲ್ಲ.

ಇಷ್ಟು ಹೇಳಿದ ಮೇಲೆ ಮಾವ ಕೇಳಿದರು: "ಅಮೆರಿಕಾದ ಪಂಚಾಯ್ತಿ ನಮಗ್ಯಾಕಪಾ?"

ಯಾಕೆ ಅಂದರೆ ನಮ್ಮೂರಲ್ಲಿ ನಾನೇ ಇದನ್ನು ನೋಡಿದ್ದೆ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ನಾನಾಗ ಇಂಜಿನಿಯರಿಂಗ್ ಎರಡನೇ ವರ್ಷ, ರಜಾಕ್ಕೆ ಬಂದಿದ್ದೆ. ಪಂಚಾಯಿತಿ ಅಧ್ಯಕ್ಷರ ಮೇಲೆ ಅವಿಶ್ವಾಸ ಗೊತ್ತುವಳಿ. 13 ಸದಸ್ಯರು, ಮೂರನೇ ಎರಡು ಅಂದರೆ 9 ಮತ ಬೇಕು. ಬಿದ್ದದ್ದು 8. ಒಂದೇ ಮತದಲ್ಲಿ ಅಧ್ಯಕ್ಷರು ಉಳಿದರು. ನಮ್ಮ ಮನೆಯವರು ಅವರ ಕಡೆ. ಗುಲಾಲು, ಹಲಗೆ, ಟ್ರ್ಯಾಕ್ಟರ್ ಮೆರವಣಿಗೆ. ಪಟಾಕಿ ಹಚ್ಚಿದ್ದು ನಾನೇ, ಸುಳ್ಳು ಯಾಕೆ ಹೇಳಲಿ.

ಆ ಗಲಾಟೆಗೆ ಕಾರಣ ಒಂದು ಮೋಟರ್ ರಿಪೇರಿ ಬಿಲ್ಲು. ಬೋರಿನಿಂದ ಮೋಟರ್ ಎತ್ತಿಯೇ ಇಲ್ಲ, ಬಿಲ್ಲು ಮಾತ್ರ ಆಗಿದೆ ಅಂತ ಸದಸ್ಯರಿಗೆ ಹೇಳಿದವನು ನೀರಗಂಟಿ. ಗೊತ್ತುವಳಿ ಬಿದ್ದ ವಾರದೊಳಗೆ ಅವನ ಕೆಲಸ ಹೋಯಿತು. ಅವನು ದಿನಗೂಲಿ, ತೆಗೆಯೋಕೆ ಕಾಗದವೂ ಬೇಕಿರಲಿಲ್ಲ. ಎಲ್ಲಾ ಕಾನೂನು ಪ್ರಕಾರವೇ. ಹೆಂಡತಿ ಮಕ್ಕಳನ್ನು ಕರಕೊಂಡು ಗಂಗಾವತಿಗೆ ಹೋಗಿ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತ. "ಹಂಗಾಗಬೇಕಿತ್ತು ಅವಗ" ಅಂತ ನಮ್ಮ ಮನೆಯಲ್ಲೂ ಮಾತಾಡಿಕೊಂಡರು. ನಾನೂ ಸುಮ್ಮನಿದ್ದೆ.

ಮುಂದಿನ ಬೇಸಿಗೆಗೆ ಅದೇ ಮೋಟರ್ ನಿಜವಾಗಿ ಸುಟ್ಟಿತು. ನಮ್ಮ ಓಣಿಗೇ ನೀರು ಬರಲಿಲ್ಲ. ದುಡ್ಡು ಖರ್ಚಾಗಿದೆ ಅಂದರು, ಎಲ್ಲಿ ಅಂತ ಹೇಳೋಕೆ ಗೊತ್ತಿದ್ದವರು ಒಬ್ಬರೂ ಬಾಯಿ ಬಿಡಲಿಲ್ಲ. ಹೊಸ ನೀರಗಂಟಿಯನ್ನು ನಮ್ಮಪ್ಪನೇ ಕೇಳಿದರು. "ಯಪ್ಪಾ, ಹಿಂದಿನಾವ ಎಲ್ಲಿ ಅದಾನ ನೋಡೀರಲ್ಲ" ಅಂದನಂತೆ. ಅವ್ವ ಕೊಡ ಹಿಡಕೊಂಡು ತೋಟದ ಬಾವಿಗೆ ನಡೆದಳು, ನಮ್ಮ ಪಕ್ಷ ಗೆದ್ದಿತ್ತು.

ಹಾಗಾಗಿ ವಾಷಿಂಗ್ಟನ್ ಸುದ್ದಿ ಓದುವಾಗ ನನಗೆ ಟ್ರಂಪ್‌ಗಿಂತ ಮೊದಲು ಆ ನೀರಗಂಟಿ ಕಾಣ್ತಾನೆ. ವಿಂಡ್ಮನ್‌ಗೆ ಆಗ ಸೇನೆಯ ಸಂಬಳ ಇತ್ತು, ಟಿವಿ ಕ್ಯಾಮೆರಾಗಳಿದ್ದವು. ನಮ್ಮ ನೀರಗಂಟಿಗೆ ಇದ್ದದ್ದು ಬೆನ್ನು, ಅದರ ಮೇಲೆ ಚೀಲ.

ಅಮೆರಿಕಾದಲ್ಲಿ 2020ರ ನವೆಂಬರಿಗೆ ಚುನಾವಣೆ ಇತ್ತು, ಅವರ ತೀರ್ಮಾನ ಅವರದು. ನಮ್ಮಲ್ಲೂ ಆ ವರ್ಷ ಗ್ರಾಮ ಪಂಚಾಯಿತಿ ಚುನಾವಣೆ ಬರಬೇಕಿತ್ತು. ಕೊಪ್ಪಳ ಇರಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇರಲಿ, ನಿಮ್ಮೂರ ಅಧ್ಯಕ್ಷರು ನಾಳೆ ಒಂದು ಅವಿಶ್ವಾಸ ಗೆಲ್ಲಬಹುದು. ಅವರು ನಿಮ್ಮ ಪಕ್ಷದವರೇ ಆಗಿರಬಹುದು. ಮೆರವಣಿಗೆ ಮಾಡಿ, ಬೇಡ ಅನ್ನಲ್ಲ. ಆದರೆ ಮಾರನೇ ದಿನ ಬೆಳಿಗ್ಗೆ ಎದ್ದು, ಅವರ ವಿರುದ್ಧ ಮಾತಾಡಿದವನು ಕೆಲಸಕ್ಕೆ ಬಂದಿದ್ದಾನಾ ಅಂತ ಒಂದು ಸಲ ನೋಡಿ. ಬಂದಿಲ್ಲ ಅಂದರೆ ಕೇಳಬೇಕಾದವರು ಸೋತವರಲ್ಲ, ಗೆದ್ದ ಕಡೆಯ ನೀವೇ. ನಾನು ಆಗ ಕೇಳಲಿಲ್ಲ.