ಹೋದವರ ಹಿಂದೆ ಹೋದ ಅಂಗಡಿ

ಜಮೈಕಾ ಅಂದ ಕೂಡಲೇ ನಮಗೆ ನೆನಪಾಗೋದು ಇಬ್ಬರು. ಒಬ್ಬ ಉಸೇನ್ ಬೋಲ್ಟ್, ಇನ್ನೊಬ್ಬ ಕ್ರಿಸ್ ಗೇಲ್. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪುಣೆ ವಿರುದ್ಧ ಗೇಲ್ ಹೊಡೆದ ಅಜೇಯ 175 ರನ್ನನ್ನು ಬೆಂಗಳೂರಿನವರು ಇನ್ನೂ ಮರೆತಿಲ್ಲ. ಆದರೆ ಆ ದ್ವೀಪದ ಜೊತೆ ನಮ್ಮ ಪರಿಚಯ ಅಲ್ಲಿಗೇ ನಿಂತುಬಿಟ್ಟಿದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಕ್ರಿಕೆಟ್ ಅಲ್ಲ, ಓಟವೂ ಅಲ್ಲ. ವ್ಯಾಪಾರದ ವಿಷಯ.

ಮೊದಲು ಒಂದು ಅಳತೆ ತಲೆಯಲ್ಲಿರಲಿ. ಜಮೈಕಾದ ವಿಸ್ತೀರ್ಣ ಸುಮಾರು 11 ಸಾವಿರ ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 28 ಲಕ್ಷ. ಅಂದರೆ ಹತ್ತಿರ ಹತ್ತಿರ ನಮ್ಮ ತುಮಕೂರು ಜಿಲ್ಲೆಯಷ್ಟು. ಈಗ ನೀವೇ ಯೋಚನೆ ಮಾಡಿ. ತುಮಕೂರಿನ ಒಂದು ಕಿರಾಣಿ ಕಂಪನಿ ಇಂಗ್ಲೆಂಡಿನ ಆಹಾರ ಕಂಪನಿಯೊಂದನ್ನು ಕೊಂಡುಕೊಂಡಿತು, ಅಲ್ಲಿನ ಒಂದು ಹಣಕಾಸು ಸಂಸ್ಥೆ ಲಂಡನ್ನಿನಲ್ಲಿ ಬ್ಯಾಂಕ್ ತೆರೆಯಿತು ಅಂದರೆ ನಂಬ್ತೀರಾ? ಜಮೈಕಾದವರು ಅದನ್ನೇ ಮಾಡಿದ್ದಾರೆ. ಹೇಗೆ ಸಾಧ್ಯವಾಯ್ತು?

ಉತ್ತರ ಸರಳ. ಅವರ ಗಿರಾಕಿ ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿದ್ದ.

1948ರ ಜೂನ್ 22ರಂದು 'ಎಂಪೈರ್ ವಿಂಡ್‌ರಶ್' ಎಂಬ ಹಡಗಿನಿಂದ ನೂರಾರು ಕೆರಿಬಿಯನ್ ಜನ ಇಂಗ್ಲೆಂಡಿನ ಟಿಲ್‌ಬರಿ ಬಂದರಿನಲ್ಲಿ ಇಳಿದರು. ಯುದ್ಧದಲ್ಲಿ ಸೊರಗಿದ್ದ ಬ್ರಿಟನ್ನಿಗೆ ಆಗ ಬಸ್ ಓಡಿಸೋಕೆ, ಆಸ್ಪತ್ರೆ ನಡೆಸೋಕೆ, ಕಾರ್ಖಾನೆಯಲ್ಲಿ ದುಡಿಯೋಕೆ ಕೈಗಳು ಬೇಕಿತ್ತು. ಮುಂದೆ ಸಾವಿರ ಸಾವಿರ ಜನ ಹೋದರು. 1962ರಲ್ಲಿ ಬ್ರಿಟನ್ ಬಾಗಿಲನ್ನು ಅರ್ಧ ಮುಚ್ಚಿತು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಾಯಿಸಿತು, 1967ರಲ್ಲಿ ಕೆನಡಾ ಅಂಕಗಳ ಪದ್ಧತಿ ತಂದಿತು. ಜನರ ಹರಿವು ಆ ಕಡೆ ತಿರುಗಿತು. ಇವತ್ತು ಮಕ್ಕಳು ಮೊಮ್ಮಕ್ಕಳನ್ನೂ ಸೇರಿಸಿದರೆ ದ್ವೀಪದ ಒಳಗೆ ಎಷ್ಟು ಜಮೈಕನ್ನರಿದ್ದಾರೋ ಸುಮಾರು ಅಷ್ಟೇ ಜನ ಹೊರಗಿದ್ದಾರೆ ಅಂತ ಅವರೇ ಲೆಕ್ಕ ಹೇಳ್ತಾರೆ. ಲಂಡನ್ನಿನ ಬ್ರಿಕ್ಸ್‌ಟನ್, ನ್ಯೂಯಾರ್ಕಿನ ಫ್ಲ್ಯಾಟ್‌ಬುಷ್, ಟೊರಾಂಟೋದ ಎಗ್ಲಿಂಟನ್ ವೆಸ್ಟ್, ಇವೆಲ್ಲ ಅವರ ಬಡಾವಣೆಗಳು.

ಮನೆ ಬಿಟ್ಟು ಹೋದವನಿಗೆ ಮುಖ್ಯವಾಗಿ ಎರಡು ಬೇಕು. ಒಂದು, ಊರಿನ ರುಚಿ. ಇನ್ನೊಂದು, ಊರಿಗೆ ದುಡ್ಡು ಕಳಿಸೋ ದಾರಿ. ಈ ಎರಡನ್ನೂ ಹಿಡಿದ ಕಂಪನಿಯ ಹೆಸರು ಗ್ರೇಸ್‌ಕೆನಡಿ. 1922ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಶುರುವಾದ ವ್ಯಾಪಾರಿ ಸಂಸ್ಥೆ ಅದು. ಡಬ್ಬಿ ಆಹಾರ, ಸಾಸ್, ತೆಂಗಿನ ಹಾಲು, ಮಸಾಲೆ ಮಾರುತ್ತೆ. 1990ರಲ್ಲಿ ಜಮೈಕಾದಲ್ಲಿ ವೆಸ್ಟರ್ನ್ ಯೂನಿಯನ್ ಏಜೆನ್ಸಿಯನ್ನೂ ಹಿಡಿಯಿತು.

ಇಲ್ಲಿನ ಲೆಕ್ಕಾಚಾರ ನೋಡಿ, ಎಷ್ಟು ಚೆನ್ನಾಗಿದೆ. ಬ್ರೂಕ್ಲಿನ್ನಿನಲ್ಲಿ ನರ್ಸ್ ಆಗಿರೋ ಮಗಳು ಗ್ರೇಸ್ ಡಬ್ಬಿ ಕೊಂಡು ಅಡುಗೆ ಮಾಡ್ತಾಳೆ. ಶನಿವಾರ ಅಮ್ಮನಿಗೆ ದುಡ್ಡು ಕಳಿಸ್ತಾಳೆ. ಅಮ್ಮ ಊರಿನಲ್ಲಿ ಅದೇ ಗ್ರೇಸ್ ಕಂಪನಿಯ ಕೌಂಟರಿನಲ್ಲಿ ಆ ಹಣ ಎಣಿಸಿಕೊಳ್ತಾಳೆ. ಆಮೇಲೆ ಅದೇ ಕಂಪನಿಯ 'ಹೈ-ಲೋ' ಸೂಪರ್‌ಮಾರ್ಕೆಟ್ಟಿಗೆ ಹೋಗಿ ಸಾಮಾನು ತರ್ತಾಳೆ. ಹಗ್ಗದ ಎರಡೂ ತುದಿಯಲ್ಲಿ ಒಬ್ಬನೇ ವ್ಯಾಪಾರಿ!

2007ರಲ್ಲಿ ಈ ಗ್ರೇಸ್‌ಕೆನಡಿ ಬ್ರಿಟನ್ನಿನ ಡಬ್ಲ್ಯೂಟಿ ಫುಡ್ಸ್ ಎಂಬ ಕಂಪನಿಯನ್ನೇ ಕೊಂಡಿತು. ಅದರ ಜೊತೆ ಎಂಕೋನಾ ಎಂಬ ಖಾರದ ಸಾಸ್ ಕೈಗೆ ಬಂತು. ಅದನ್ನು ಕೊಳ್ಳುವವರು ಕೆರಿಬಿಯನ್ನರು ಮಾತ್ರ ಅಲ್ಲ, ಇಂಗ್ಲಿಷರೂ ಕೊಳ್ತಾರೆ. 2014ರಲ್ಲಿ ಅಮೆರಿಕದ ಲಾ ಫೆ ಎಂಬ ಲ್ಯಾಟಿನ್ ಆಹಾರ ಕಂಪನಿಯನ್ನೂ ಕೊಂಡರು. ಕೊಂಡಿದ್ದು ಬರೀ ಬ್ರ್ಯಾಂಡ್ ಅಂತ ತಿಳೀಬೇಡಿ. ಅವರಿಗೆ ಬೇಕಾಗಿದ್ದು ಗೋದಾಮು, ಲಾರಿ, ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಜಾಗ. ಸಣ್ಣ ದೇಶದ ಕಂಪನಿಗೆ ಅದನ್ನು ಮೊದಲಿಂದ ಕಟ್ಟೋಕೆ ಹೋದರೆ ಆಯುಷ್ಯ ಸಾಲದು.

ಹಾಗಂತ ದಾರಿ ಸುಗಮವಾಗೇನೂ ಇರಲಿಲ್ಲ. ಜಮೈಕಾದ ರಾಷ್ಟ್ರೀಯ ಹಣ್ಣು ಆಕಿ. ಅದನ್ನು ಉಪ್ಪು ಮೀನಿನ ಜೊತೆ ಬೇಯಿಸಿದರೆ ಅದೇ ಅವರ ರಾಷ್ಟ್ರೀಯ ಖಾದ್ಯ. ಆದರೆ ಕಾಯಿ ತಾನಾಗಿ ಬಾಯಿ ಬಿಡೋ ಮೊದಲೇ ಕಿತ್ತು ತಿಂದರೆ ಅದು ವಿಷ. ಅದರಲ್ಲಿರೋ ಹೈಪೋಗ್ಲೈಸಿನ್ ಎಂಬ ಅಂಶ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತೆ. ಹೀಗಾಗಿ 1973ರಲ್ಲಿ ಅಮೆರಿಕ ಅದರ ಆಮದನ್ನು ನಿಲ್ಲಿಸಿತು. ಮತ್ತೆ ಬಾಗಿಲು ತೆರೆದದ್ದು 2000ದಲ್ಲಿ. ಅದೂ ಪರೀಕ್ಷೆಯಲ್ಲಿ ಪಾಸಾದ ಕಾರ್ಖಾನೆಗಳ ಸರಕಿಗೆ ಮಾತ್ರ. ಅಂದರೆ 27 ವರ್ಷ, ಒಂದು ತಲೆಮಾರು, ಅಮೆರಿಕದಲ್ಲಿರೋ ಜಮೈಕನ್ನನಿಗೆ ತನ್ನ ದೇಶದ ಊಟ ಅಂಗಡಿಯಲ್ಲಿ ಸಿಗಲಿಲ್ಲ. ವಿದೇಶಕ್ಕೆ ಆಹಾರ ಕಳಿಸಬೇಕು ಅನ್ನೋ ನಮ್ಮ ರೈತರು, ಸಣ್ಣ ಉದ್ಯಮಿಗಳು ಇದನ್ನು ಗಮನಿಸಬೇಕು. ರುಚಿ ಇದ್ದರೆ ಸಾಲದು, ಪ್ರಯೋಗಾಲಯದ ಚೀಟಿಯೂ ಬೇಕು.

ಇನ್ನೊಂದು ಜಗಳ ಕೆನಡಾದ್ದು. ಜಮೈಕಾದವರ ಪ್ಯಾಟಿ ಅಂದರೆ ಒಳಗೆ ಮಸಾಲೆ ಮಾಂಸ ತುಂಬಿದ ತಿಂಡಿ, ನಮ್ಮ ಬೇಕರಿ ಪಫ್ಸ್‌ಗೆ ಹತ್ತಿರದ ನೆಂಟ. ಹೊದಿಕೆ ಮಾತ್ರ ಹಳದಿ ಬಣ್ಣ. 1985ರಲ್ಲಿ ಟೊರಾಂಟೋದ ಅಂಗಡಿಗಳಿಗೆ ಸರ್ಕಾರಿ ಇನ್ಸ್‌ಪೆಕ್ಟರುಗಳು ಬಂದು, ಇದನ್ನು 'ಬೀಫ್ ಪ್ಯಾಟಿ' ಅಂತ ಕರೆಯೋ ಹಾಗಿಲ್ಲ ಅಂದರು. ಯಾಕೆ? ಅಲ್ಲಿನ ನಿಯಮದ ಪ್ರಕಾರ ಆ ಹೆಸರು ಹ್ಯಾಂಬರ್ಗರಿನ ಮಾಂಸದ ಬಿಲ್ಲೆಗೆ ಮೀಸಲು. ದಂಡದ ಬೆದರಿಕೆಯೂ ಬಂತು. ಅಂಗಡಿಯವರು ಬಗ್ಗಲಿಲ್ಲ, ಪತ್ರಿಕೆಗಳು 'ಪ್ಯಾಟಿ ಯುದ್ಧ' ಅಂತ ಬರೆದವು. ಕೊನೆಗೆ 'ಜಮೈಕನ್ ಪ್ಯಾಟಿ' ಅನ್ನೋ ಹೆಸರಿಗೆ ರಾಜಿಯಾಯ್ತು. ತಮಾಷೆ ಏನಪ್ಪಾ ಅಂದ್ರೆ, ಸರ್ಕಾರದ ಆ ಕಿರಿಕಿರಿಯೇ ತಿಂಡಿಗೆ ದೇಶದ ಹೆಸರನ್ನು ಗಟ್ಟಿಯಾಗಿ ಅಂಟಿಸಿತು.

ಆ ತಿಂಡಿಯ ಹಿಂದೆ ಭಾರತವೂ ಇದೆ. 1845ರ ಮೇ 10ರಂದು ಜಮೈಕಾದ ಓಲ್ಡ್ ಹಾರ್ಬರ್ ಬೇಯಲ್ಲಿ ಭಾರತದ ಕೂಲಿಗಳ ಮೊದಲ ಹಡಗು ಇಳಿಯಿತು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಾಗಿತ್ತಲ್ಲ, ಅದಕ್ಕೆ ಕರಾರು ಮಾಡಿ ಕರೆದೊಯ್ದರು. ಜಮೈಕಾದ ಅಡುಗೆಮನೆಗೆ ಅರಿಶಿನ, ಮಸಾಲೆ ಪುಡಿ ಬಂದದ್ದು ಅವರ ಜೊತೆಗೆ. ಟ್ರಿನಿಡಾಡ್, ಗಯಾನಾಗಳಲ್ಲಿ ಈ ಭಾರತೀಯ ಮೂಲದವರು ಇನ್ನೂ ಹೆಚ್ಚು. ಅವರ ಮೊಮ್ಮಕ್ಕಳು ಈಗ ನ್ಯೂಯಾರ್ಕಿನ ರಿಚ್ಮಂಡ್ ಹಿಲ್‌ನಲ್ಲಿ ರೊಟ್ಟಿ, ದಾಲ್‌ಪುರಿ ಅಂಗಡಿ ಇಟ್ಟಿದ್ದಾರೆ. ಎರಡು ಸಲ ಸಮುದ್ರ ದಾಟಿದ ರೊಟ್ಟಿ ಅದು.

ಈಗ ಬ್ಯಾಂಕಿನ ವಿಷಯಕ್ಕೆ ಬರೋಣ. 1950ರ ದಶಕದ ಲಂಡನ್ನಿನಲ್ಲಿ ಕಪ್ಪು ಜನರಿಗೆ ಬಾಡಿಗೆ ಮನೆ ಸಿಗೋದೇ ಕಷ್ಟ. ಇನ್ನು ಬ್ಯಾಂಕ್ ಸಾಲದ ಮಾತೆಲ್ಲಿ? ಅವರೇನು ಮಾಡಿದರು ಗೊತ್ತಾ? ಚೀಟಿ ಹಾಕಿದರು. ನಮ್ಮಲ್ಲಿ ಓಣಿ ಓಣಿಯಲ್ಲಿ ಹಾಕ್ತಾರಲ್ಲ, ಹೆಚ್ಚೂ ಕಡಿಮೆ ಅದೇ. ಹತ್ತಿಪ್ಪತ್ತು ಜನ ಸೇರಿ ವಾರ ವಾರ ಇಷ್ಟು ಅಂತ ಹಾಕೋದು, ಸರದಿ ಪ್ರಕಾರ ಒಬ್ಬೊಬ್ಬರು ಇಡೀ ಮೊತ್ತ ಎತ್ತೋದು. ಜಮೈಕಾದಲ್ಲಿ ಇದಕ್ಕೆ 'ಪಾರ್ಡ್ನರ್' ಅಂತಾರೆ, ಟ್ರಿನಿಡಾಡ್‌ನಲ್ಲಿ 'ಸೂಸೂ'. ಈ ಚೀಟಿ ಹಣದಿಂದಲೇ ಎಷ್ಟೋ ಕುಟುಂಬಗಳು ಮೊದಲ ಮನೆಯ ಮುಂಗಡ ಕಟ್ಟಿದವು.

ಆ ನಂಬಿಕೆಯ ವ್ಯವಹಾರದ ಮುಂದಿನ ಮೆಟ್ಟಿಲೇ ಜೆಎನ್ ಬ್ಯಾಂಕ್. 1874ರಲ್ಲಿ ಜಮೈಕಾದ ಹಳ್ಳಿಗಾಡಿನಲ್ಲಿ ಹುಟ್ಟಿದ ಗೃಹ ನಿರ್ಮಾಣ ಉಳಿತಾಯ ಸಂಘ ಅದರ ಬೇರು. ಅದೇ ಸಮೂಹ 2020ರಲ್ಲಿ ಬ್ರಿಟನ್ನಿನ ಪರವಾನಗಿ ಪಡೆದು, ಬ್ರಿಕ್ಸ್‌ಟನ್ನಿನಲ್ಲೇ ಬ್ಯಾಂಕ್ ಶುರು ಮಾಡಿತು. ಯಾವ ಊರಿನಲ್ಲಿ ತಾತನಿಗೆ ಸಾಲ ಸಿಗಲಿಲ್ಲವೋ ಅದೇ ಊರಿನಲ್ಲಿ ತಾತನ ದೇಶದ ಬ್ಯಾಂಕು!

ಇಷ್ಟಾದರೂ ಇದನ್ನು ಬರೀ ಗೆಲುವಿನ ಕಥೆ ಅಂತ ಹೇಳೋಕೆ ನನಗೆ ಮನಸ್ಸು ಒಪ್ಪೋದಿಲ್ಲ. ಹೊರಗಿನವರು ಕಳಿಸೋ ಹಣ ಜಮೈಕಾಕ್ಕೆ ವರ್ಷಕ್ಕೆ 300 ಕೋಟಿ ಡಾಲರಿಗೂ ಹೆಚ್ಚು. ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಭಾಗದ ಆಸುಪಾಸು. ಆ ಹಣ ಬರೋದು ಯಾಕೆ? ನರ್ಸುಗಳು, ಶಿಕ್ಷಕರು ದೇಶ ಬಿಟ್ಟಿದ್ದಕ್ಕೆ. ಅಪ್ಪ ಅಮ್ಮ ವಿದೇಶದಲ್ಲಿ, ಮಕ್ಕಳು ಅಜ್ಜಿಯ ಹತ್ತಿರ. ಬಟ್ಟೆ, ಅಕ್ಕಿ, ಶೂ ತುಂಬಿದ ಪೀಪಾಯಿ ಹಡಗಿನಲ್ಲಿ ಬರುತ್ತೆ, ಅಪ್ಪ ಅಮ್ಮ ಬರಲ್ಲ. ಅಂಥ ಮಕ್ಕಳಿಗೆ ಅಲ್ಲಿ 'ಬ್ಯಾರೆಲ್ ಮಕ್ಕಳು' ಅಂತಲೇ ಹೆಸರು. ಕಂಪನಿಗಳ ಲಾಭದ ಪಟ್ಟಿಯಲ್ಲಿ ಈ ಸಾಲು ಇರೋದಿಲ್ಲ.

ಎರಡನೇದು, ಈ ವ್ಯಾಪಾರದ ಕೀಲಿಕೈ ಇನ್ನೊಬ್ಬರ ಕೈಲಿದೆ. ಅಪಾಯ ಜಾಸ್ತಿ, ಲಾಭ ಕಮ್ಮಿ ಅಂತ ದೊಡ್ಡ ದೊಡ್ಡ ಬ್ಯಾಂಕುಗಳು ಕೆರಿಬಿಯನ್ ಬ್ಯಾಂಕುಗಳ ಜೊತೆ ವಹಿವಾಟು ಕಡಿದುಕೊಳ್ತಾ ಬಂದವು. 2015ರ ಸುಮಾರಿಗೆ ಬೆಲೀಝ್ ಎಂಬ ಪುಟ್ಟ ದೇಶ ಈ ಕಾರಣಕ್ಕೆ ಕಂಗಾಲಾಯ್ತು. ವಲಸಿಗರು ಹಣ ಕಳಿಸೋ ವೆಚ್ಚ 2030ರೊಳಗೆ ಶೇ 3ಕ್ಕಿಂತ ಕೆಳಗಿಳಿಯಬೇಕು ಅನ್ನೋದು ವಿಶ್ವಸಂಸ್ಥೆಯ ಗುರಿ. ಜಗತ್ತಿನ ಸರಾಸರಿ ಇನ್ನೂ ಶೇ 6ರ ಮೇಲಿದೆ. ಇದರ ಮೇಲೆ, 2026ರ ಜನವರಿ 1ರಿಂದ ಅಮೆರಿಕದಲ್ಲಿ ನಗದು ಕೊಟ್ಟು ಹೊರದೇಶಕ್ಕೆ ಹಣ ಕಳಿಸಿದರೆ ಶೇ 1 ತೆರಿಗೆ. ಬ್ಯಾಂಕ್ ಖಾತೆಯಿಂದ, ಕಾರ್ಡಿನಿಂದ ಕಳಿಸಿದರೆ ಇಲ್ಲ. ಹಾಗಾದರೆ ಹೊಡೆತ ಯಾರಿಗೆ? ಖಾತೆಯಿಲ್ಲದ, ಕೈಗೆ ಕೂಲಿ ಪಡೆಯೋ ಬಡವನಿಗೆ. ಅವನನ್ನು ಮೊಬೈಲಿಗೆ, ಖಾತೆಗೆ ಕರೆತರೋದು ಈಗ ಈ ಕಂಪನಿಗಳ ಮುಂದಿರೋ ದೊಡ್ಡ ಕೆಲಸ.

ಮೂರನೇದು, ಕಾಲ. ಮೊದಲ ತಲೆಮಾರು ನೆನಪಿಗಾಗಿ ಕೊಳ್ಳುತ್ತೆ, ಎರಡನೇದು ಅಮ್ಮನಿಗಾಗಿ ಕೊಳ್ಳುತ್ತೆ. ಮೂರನೇದು? ಅದು ರುಚಿ, ಬೆಲೆ ನೋಡುತ್ತೆ, ಅಷ್ಟೇ. ಅದಕ್ಕೇ ಬುದ್ಧಿವಂತ ಕಂಪನಿಗಳು ತಮ್ಮವರ ಹೆಗಲ ಮೇಲೆ ಕೂತು ಹೋಗಿ, ಅಲ್ಲಿ ಇಳಿದು, ಬೇರೆಯವರಿಗೂ ಮಾರೋಕೆ ಶುರು ಮಾಡ್ತಿವೆ. ಜಮೈಕಾದ ಜೂಸಿ ಪ್ಯಾಟೀಸ್ ಈಗ ಅಮೆರಿಕದಲ್ಲಿ ಅಂಗಡಿ ತೆರೆದಿದೆ. ಅಲ್ಲಿ ಆಗಲೇ ಗೋಲ್ಡನ್ ಕ್ರಸ್ಟ್ ಇದೆ. ಅದು 1989ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ವಲಸಿಗರ ಕುಟುಂಬವೊಂದು ಕಟ್ಟಿದ್ದು. ಊರಿನ ಕಂಪನಿ ಮತ್ತು ಹೊರಗೆ ಹೋದವರ ಕಂಪನಿ ಒಂದೇ ಗಿರಾಕಿಗಾಗಿ ಎದುರು ಬದುರು ನಿಂತಿವೆ. ಲಾಭ ದ್ವೀಪಕ್ಕೆ ಹೋಗುತ್ತಾ, ಬ್ರಾಂಕ್ಸ್‌ನಲ್ಲೇ ಉಳಿಯುತ್ತಾ ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ನಮಗೇನು ಪಾಠ ಅಂತೀರಾ? 2007ನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ತುಮಕೂರಿನಷ್ಟು ದೊಡ್ಡ ದೇಶದ ಗ್ರೇಸ್‌ಕೆನಡಿ ಬ್ರಿಟಿಷ್ ಕಂಪನಿಯನ್ನು ಕೊಂಡ ವರ್ಷವೇ ನಮ್ಮ ಎಂಟಿಆರ್ ಫುಡ್ಸ್ ನಾರ್ವೆಯ ಆರ್ಕ್ಲಾ ಕಂಪನಿಯ ಪಾಲಾಯ್ತು. ಮಾರಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ವ್ಯಾಪಾರದಲ್ಲಿ ಅದೂ ಒಂದು ದಾರಿ. ಎಂಟಿಆರ್ ಹೋಟೆಲ್ ಮಾತ್ರ ಕುಟುಂಬದ ಕೈಯಲ್ಲೇ ಉಳಿದು ಸಿಂಗಪುರ, ದುಬೈ, ಲಂಡನ್ನಿಗೆ ಹೋಗಿ ಕನ್ನಡಿಗರಿಗೆ ದೋಸೆ ಹಾಕ್ತಿದೆ. ಗಲ್ಫಿನಲ್ಲಿ ಕರಾವಳಿಯವರಿದ್ದಾರೆ, ಅಮೆರಿಕದಲ್ಲಿ ಬೆಂಗಳೂರು, ಮೈಸೂರಿನವರಿದ್ದಾರೆ. ನಮಗೆ ಗಿರಾಕಿಯ ಕೊರತೆ ಇಲ್ಲ, ರುಚಿಯ ಕೊರತೆಯಂತೂ ಇಲ್ಲವೇ ಇಲ್ಲ.

ಹೊರಗೆ ಹೋದವರನ್ನು ನಾವು ಸಾಮಾನ್ಯವಾಗಿ ಎರಡೇ ರೀತಿಯಲ್ಲಿ ನೋಡ್ತೀವಿ. ಸಮ್ಮೇಳನಕ್ಕೆ ಕರೆದು ಶಾಲು ಹೊದಿಸ್ತೀವಿ, ಇಲ್ಲಾ ಊರಿನ ಶಾಲೆಗೆ ದೇಣಿಗೆ ಕೇಳ್ತೀವಿ. ಜಮೈಕಾದ ವ್ಯಾಪಾರಿಗಳು ಮೂರನೇ ರೀತಿಯಲ್ಲಿ ನೋಡಿದರು. ಅವನಿಗೆ ಏನು ಬೇಕು ಅಂತ ಕೇಳಿದರು, ಅದನ್ನು ಅವನ ಬೀದಿಗೇ ತೆಗೆದುಕೊಂಡು ಹೋದರು, ಸರಿಯಾದ ಬೆಲೆ ಹೇಳಿದರು. ದೇಶಾಭಿಮಾನದ ಭಾಷಣಕ್ಕಿಂತ ಇದು ಹೆಚ್ಚು ದಿನ ಬಾಳುತ್ತೆ ಅಂತ ನನಗನ್ನಿಸುತ್ತೆ.